ಮುಳುಗುವ ಹೊತ್ತಿನ ಗಂಟೆ

"ಕಿತ್ತು ಹಾಕು ಅಬೂಬಕ್ಕರ್, ಸೊಸೆ ಬರುವ ಮೊದಲು," ಎಂದರು ಭರತರಾಜರು.

ಎಲೆಕ್ಟ್ರಿಷಿಯನ್ ಅಬೂಬಕ್ಕರ್ ಊಟದ ಕೋಣೆಯ ಗೋಡೆ ನೋಡಿದ. ಸೂರ್ಯಾಸ್ತಕ್ಕೆ ಹೊಡೆಯುವ ಸಣ್ಣ ಗಂಟೆ, ಅದಕ್ಕೊಂದು ಇಂಟರ್ನೆಟ್ ವಯರು.

ಕತ್ತಲಾದ ಮೇಲೆ ಉಣ್ಣುವುದಿಲ್ಲ ಎಂಬ ವ್ರತ ಹಿಡಿದು ಭರತರಾಜರಿಗೆ ನಲವತ್ತು ವರ್ಷ. ಆಸ್ಪತ್ರೆಯಲ್ಲಿ ಮಲಗಿದಾಗಲೂ ತಪ್ಪಿಸಿದವರಲ್ಲ. ಮೂಡುಬಿದಿರೆಯ ಬಸದಿಯಲ್ಲಿ ಸಿಗುವ ಮರ್ಯಾದೆಯೆಲ್ಲ ಅದರದ್ದೇ, ಆ ಹೆಮ್ಮೆ ಅವರಿಗೂ ಧಾರಾಳವಾಗಿತ್ತು. ಎರಡು ವರ್ಷದ ಹಿಂದೆ ಕಣ್ಣು ಪೂರ್ತಿ ಹೋಯಿತು. ಹೊತ್ತಿಗೆ ಬಡಿಸುವವರಿಲ್ಲದೆ ವ್ರತಕ್ಕೆ ತೊಂದರೆ, ಮಿಜಾರಿನ ಕಾಲೇಜು ಕೆಲಸ ಬಿಡು ಎಂದು ಸೊಸೆ ಸಾಧನಾಳಿಗೆ ಹೇಳಿದರು. ಅವಳು ಕೆಲಸ ಬಿಡಲಿಲ್ಲ, ಈ ಗಂಟೆ ತಂದಳು. ದಿನವೂ ಬಸ್ಸಿಳಿದು ಓಡಿ ಬಂದು ಬಡಿಸುತ್ತಾಳೆ. ಅವರು ಕೈತೊಳೆದ ಮೇಲೆಯೇ ಗಂಟೆ ಹೊಡೆಯುತ್ತದೆ. ಒಂದು ದಿನವೂ ತಪ್ಪಿದ್ದಿಲ್ಲ.

ಆದರೆ ಗಂಟೆಗೆ ಇಂಟರ್ನೆಟ್ ಯಾಕೆ? ಕೇಳಿದರೆ, ನೆಟ್ ಬೇಕೇ ಬೇಕು ಎಂದು ಸಿಡುಕುತ್ತಾಳೆ. ಮನೆಯ ಮಾತನ್ನೆಲ್ಲ ಅವಳು ಕಾಲೇಜಿನಲ್ಲಿ ಕೂತು ಕೇಳುತ್ತಾಳೆ ಎಂಬ ಸಂಶಯ ಅವರ ತಲೆ ಹೊಕ್ಕಿತ್ತು. ಕಣ್ಣಿಲ್ಲದವನಿಗೆ ಯಾರು ಏನು ಬೇಕಾದರೂ ಮಾಡಬಹುದಲ್ಲ!

"ಇದಕ್ಕೆ ಕಿವಿ ಇಲ್ಲ ಧನಿಗಳೇ," ಅಬೂಬಕ್ಕರ್ ನಕ್ಕ. "ವರ್ಷದ ಸೂರ್ಯಾಸ್ತವೆಲ್ಲ ಒಳಗೇ ಉಂಟು. ನೆಟ್ ಇದ್ದರೆ ಮೊಬೈಲಿನಿಂದ ಹೊತ್ತು ಹಿಂದೆಮುಂದೆ ಮಾಡಬಹುದು, ಅಷ್ಟೇ."

"ಸೂರ್ಯನನ್ನು ಹಿಂದೆಮುಂದೆ ಮಾಡುವವರು ಯಾರು ಮಾರಾಯ? ಕೀಳು."

ಅವನು ವಯರು ಕಿತ್ತ. ಐದು ನಿಮಿಷ ಆಗಿಲ್ಲ, ಗಂಟೆ ಹೊಡೆಯಿತು.

ಭರತರಾಜರು ದಂಗಾದರು. ಊಟ ಆಗಿಲ್ಲ, ಸೊಸೆಯೇ ಬಂದಿಲ್ಲ! "ಹಾಳು ಮಾಡಿದೆಯಲ್ಲ! ಅವಳು ಹೇಳಿದ್ದೇ ಸರಿ, ನೆಟ್ ಬೇಕಿತ್ತು."

ಅಷ್ಟರಲ್ಲಿ ಅಬೂಬಕ್ಕರನ ಮೊಬೈಲಿನಲ್ಲಿ ಬಾಂಗ್ ಕೇಳಿಸಿತು. "ಸರಿಯಾಗಿಯೇ ಉಂಟು ಧನಿಗಳೇ. ನನಗೂ ಸೂರ್ಯಾಸ್ತದ ನಮಾಜಿಗೆ ಹೊತ್ತಾಯಿತು," ಎಂದು ಅವನು ಹೊರಟ.

ಇವನ ಮೊಬೈಲೂ ಕೆಟ್ಟಿದೆ ಎಂದುಕೊಂಡು ಭರತರಾಜರು ಹಸಿದು ಕೂತರು. ಅರ್ಧ ಗಂಟೆ ಕಳೆದ ಮೇಲೆ ಗೇಟು ಕಿರುಗುಟ್ಟಿತು. ಓಡಿ ಬಂದ ಹೆಜ್ಜೆ, ಏದುಸಿರು, ಟಿಕ್ಕೆಂದು ಲೈಟಿನ ಸ್ವಿಚ್ಚು. ಎಲ್ಲ ದಿನದ ಹಾಗೆಯೇ. ಭರತರಾಜರು ಸ್ವಿಚ್ಚಿನ ಸದ್ದಿನತ್ತ ಮುಖ ತಿರುಗಿಸಿದರು.

"ಇವತ್ತು ಬಸ್ಸು ತಡವಾ?"

"ಇಲ್ಲ ಮಾವ, ದಿನದ ಹೊತ್ತೇ." ಮುಂದೆ ಬಟ್ಟಲಿಟ್ಟ ಸದ್ದಾಯಿತು. "ಬೇಗ ಊಟ ಮಾಡಿ, ಸೂರ್ಯ ಇನ್ನೂ ಮುಳುಗಲಿಲ್ಲ."