ಅಳಿಸಬಾರದ ಕೇಸು

ಮಾಲತೇಶ ಅರ್ಜಿಯನ್ನು ನಾಲ್ಕು ಚೂರು ಮಾಡಿ ಮಗಳ ಕೈಗೇ ಕೊಟ್ಟ.

“ಇನ್ನೊಮ್ಮೆ ಈ ಮಾತು ಎತ್ತಬ್ಯಾಡ,” ಎಂದ. “ಕೆದರಾಕ ಹೋದ್ರ ಯಾರದರ ಜೀವ ಹೋಗ್ತೈತಿ.”

ಅಂಜಲಿ ಚೂರುಗಳನ್ನು ಹಿಡಿದುಕೊಂಡು ನಿಂತಳು. ಹಾವೇರಿಯಲ್ಲಿ ವಕೀಲಿ ಮಾಡುವವಳು, ಯಾರ ಕೂಗಾಟಕ್ಕೂ ಸೊಪ್ಪು ಹಾಕುವವಳಲ್ಲ. ಆದರೆ ಅಪ್ಪ ಹೋಗಿ ಬಾಗಿಲ ಅಗಳಿ ಹಾಕಿ ಬಂದ. ಅದು ಸಿಟ್ಟಲ್ಲ, ಹೆದರಿಕೆ.

ಹೆದರುವಂಥದ್ದೇನಿತ್ತು? ಹೊಸ ಕಾಯ್ದೆ ಬಂದು ಗಾಂಜಾ ಅಪರಾಧವಲ್ಲ ಎಂದಾಗಿತ್ತು. ಹಿಂದೆ ಸಣ್ಣ ಪೊಟ್ಟಣಕ್ಕೆ ಜೈಲು ಕಂಡವರ ಶಿಕ್ಷೆಯನ್ನು ದಾಖಲೆಯಿಂದ ಅಳಿಸಿ, ಕಡತವನ್ನೇ ಸುಟ್ಟುಹಾಕಲು ಆದೇಶವಾಗಿತ್ತು. ಒಂದು ಸಹಿ ಹಾಕಿದರೆ ಮುಗಿಯಿತು. ಬ್ಯಾಡಗಿಯ ಮೂವರಿಗೆ ಅಂಜಲಿಯೇ ಈ ಕೆಲಸ ಮಾಡಿಕೊಟ್ಟಿದ್ದಳು. ಮೂವರೂ ಪೇಡೆ ತಂದು ಕೊಟ್ಟು ಹೋಗಿದ್ದರು. ಸಹಿ ಹಾಕದೆ ಕುಳಿತವನು ಅಪ್ಪನೊಬ್ಬನೇ.

ಅವನದು ಇಪ್ಪತ್ತೆರಡು ವರ್ಷದ ಹಿಂದಿನ ಕೇಸು. ರಾಣೆಬೆನ್ನೂರಿನಾಚೆ ಆಗ ಇದ್ದ ಒಂದು ಚೆಕ್‌ಪೋಸ್ಟಿನಲ್ಲಿ, ಮಾರ್ಚ್ ಮೂವತ್ತೊಂದರ ಸಂಜೆ ಐದಕ್ಕೆ, ಜೇಬಿನಲ್ಲಿ ಪೊಟ್ಟಣ ಇಟ್ಟುಕೊಂಡು ಸಿಕ್ಕಿಬಿದ್ದ. ಕೋರ್ಟಿನಲ್ಲಿ ಮರುಮಾತಿಲ್ಲದೆ ಒಪ್ಪಿಕೊಂಡ. ಆರು ತಿಂಗಳು ಶಿಕ್ಷೆ. ಬೀಡಿಯನ್ನೂ ಮುಟ್ಟದ ಮನುಷ್ಯ! ಶಾಲೆ ಮುಗಿಯುವ ತನಕ ಅಂಜಲಿ ಎಲ್ಲರಿಗೂ ‘ಗಾಂಜಾ ಮಾಲತೇಶನ ಮಗಳು’. ಆ ಕೂಗು ನೆನಪಾದರೆ ಈಗಲೂ ಅವಳಿಗೆ ಅಳು ಬರುತ್ತದೆ. ಅದನ್ನು ಅಳಿಸಲೆಂದೇ ಅವಳು ಕರಿ ಕೋಟು ಹಾಕಿದ್ದು ಎಂದರೂ ತಪ್ಪಲ್ಲ.

ದುರ್ದೈವಕ್ಕೆ, ಅದೇ ಸಂಜೆ ಅಪ್ಪನ ಜೀವದ ಗೆಳೆಯ ಸುಭಾಷನನ್ನು ಯಾರೋ ಗಳಗನಾಥದ ಹೊಳೆದಂಡೆಯಲ್ಲಿ ಕೊಂದುಹಾಕಿದರು. ಇಬ್ಬರೂ ಸೇರಿ ಮೆಣಸಿನಕಾಯಿ ದಲಾಲಿ ಅಂಗಡಿ ನಡೆಸುತ್ತಿದ್ದರು. ಗಳಗನಾಥಕ್ಕೂ ಇಬ್ಬರೂ ಕೂಡಿಯೇ ಹೋಗುವವರಿದ್ದರು. ಒಬ್ಬ ಪೊಲೀಸರ ಕೈಗೆ ಸಿಕ್ಕ, ಇನ್ನೊಬ್ಬ ಒಂಟಿಯಾಗಿ ಹೋಗಿ ಸತ್ತ. ಕೊಂದವರು ಇಂದಿಗೂ ಸಿಕ್ಕಿಲ್ಲ.

ಅಂಜಲಿ ಕೂಡಿಸಿ ಕಳೆದು ನೋಡಿದಳು. ಪೊಟ್ಟಣ ಸುಭಾಷನದೇ ಇರಬೇಕು. ಗಾಂಜಾದವರ ಸಹವಾಸಕ್ಕೆ ಬಿದ್ದು ಅವನು ಜೀವ ಕಳೆದುಕೊಂಡ. ಸತ್ತವನ ಹೆಸರು ಕೆಡದಿರಲೆಂದು ಅಪ್ಪ ತಪ್ಪನ್ನು ತನ್ನ ತಲೆಗೆ ಕಟ್ಟಿಕೊಂಡ. ಆ ಕೊಲೆಗಡುಕರು ಇನ್ನೂ ಎಲ್ಲೋ ಇದ್ದಾರೆ, ಅಪ್ಪನಿಗೆ ಅವರು ಗೊತ್ತು.

ಅವಳು ಇದನ್ನೆಲ್ಲ ನೀಲಗಂಗವ್ವನಿಗೆ ಹೇಳಿದಳು. ನೀಲಗಂಗವ್ವ ಸುಭಾಷನ ಹೆಂಡತಿ. ತಾಯಿಯಿಲ್ಲದ ಆರು ವರ್ಷದ ಅಂಜಲಿಯನ್ನು, ಅಪ್ಪ ಜೈಲಿಗೆ ಹೋದಾಗ, ಗಂಡನನ್ನು ಕಳೆದುಕೊಂಡ ಹಸಿ ದುಃಖದಲ್ಲೇ ಮಡಿಲಿಗೆ ಹಾಕಿಕೊಂಡವಳು.

“ಗಾಂಜಾ ನನ್ನ ಗಂಡಂದ ಇದ್ರ ಅವಂದ ಅಂತ ಬರಿಯವ್ವ,” ಎಂದಳು ನೀಲಗಂಗವ್ವ. “ಮಾಲತೇಶಣ್ಣ ಇನ್ನ ಎಷ್ಟ ವರ್ಷ ಹೊರಬೇಕು? ನಾನೂ ಬರ್ತೇನಿ ನಡಿ.”

ಸಹಿಯಿಲ್ಲದೆ ಅಳಿಸಬೇಕಾದರೆ ಕೇಸೇ ಸುಳ್ಳೆಂದು ತೋರಿಸಬೇಕು. ಅಂದು ಅಪ್ಪನನ್ನು ಹಿಡಿದ ಹವಾಲ್ದಾರ್ ಚನ್ನೇಶ ಈಗ ನಿವೃತ್ತನಾಗಿ ಹಲಗೇರಿಯಲ್ಲಿದ್ದ. ಅಂಜಲಿ ವಿಳಾಸ ಹುಡುಕಿದಳು. ಅಪ್ಪನ ಮುಂದೆ ತುಟಿ ಬಿಚ್ಚಲಿಲ್ಲ.

ಮರುದಿನ ಹೊರಡುವಾಗ ಅಪ್ಪ ಬಾಗಿಲಲ್ಲೇ ನಿಂತಿದ್ದ.

“ಹಲಗೇರಿಗೆ ಹೋಗಬ್ಯಾಡ,” ಎಂದ.

ಹಲಗೇರಿಯ ಮಾತು ಇವನಿಗೆ ಹೇಳಿದವರು ಯಾರು? ತನ್ನ ಬೆನ್ನ ಹಿಂದೆ ಯಾರಾದರೂ ಬಿದ್ದಿದ್ದಾರೆಯೇ? ಅವಳು ಅಪ್ಪನ ಪಕ್ಕದಿಂದ ನುಸುಳಿ ಹೊರಟಳು. ಬಸ್ಸಿನಲ್ಲಿ ಅಪ್ಪನ ಫೋನು ಒಂದೇ ಸಮನೆ ಬರುತ್ತಿತ್ತು. ರಾಣೆಬೆನ್ನೂರು ದಾಟಿದ ಮೇಲೆ ಅದೂ ನಿಂತಿತು. ನೀಲಗಂಗವ್ವ ಅವಳ ಕೈ ಹಿಡಿದುಕೊಂಡೇ ಕುಳಿತಿದ್ದಳು.

ಚನ್ನೇಶ ಕಟ್ಟೆಯ ಮೇಲೆ ಕುಳಿತಿದ್ದ. ಅಂಜಲಿ ತಾನು ಯಾರೆಂದು ಹೇಳಿ, ನೀಲಗಂಗವ್ವನನ್ನು ಚಿಗವ್ವ ಎಂದಷ್ಟೇ ಪರಿಚಯಿಸಿದಳು. ಅಪ್ಪನ ಹೆಸರು ಕೇಳಿ ಅವನ ಮುಖ ಕಪ್ಪಿಟ್ಟಿತು.

“ಕುಂದರ್ರಿ,” ಎಂದ. “ನಿನ್ನೆ ನಿಮ್ಮಪ್ಪಾರು ಫೋನ್ ಮಾಡಿ, ಮಗಳು ಬಂದ್ರೂ ಬರಬಹುದು, ಬಾಯಿ ಬಿಡಬ್ಯಾಡ ಅಂದಾರ. ಆದ್ರ ನನಗೂ ವಯಸ್ಸಾತು ತಂಗಿ. ಈ ಪಾಪ ಇಳಿಸಿಕೊಂಡು ಹೋಗಬೇಕು.”

“ಪೊಟ್ಟಣ ಯಾರದ್ರಿ?”

“ನಮ್ಮದಾ.”

ಅಂಜಲಿ ಪೆನ್ನು ತೆಗೆದಳು.

“ಪ್ರತಿ ವರ್ಷ ಇಂತಿಷ್ಟು ಕೇಸು ಹಿಡೀಬೇಕು ಅಂತ ಮ್ಯಾಲಿಂದ ಒತ್ತಡ. ಮಾರ್ಚ್ ಮೂವತ್ತೊಂದಕ್ಕ ಲೆಕ್ಕ ಮುಗೀತೈತಿ. ಆ ವರ್ಷ ನಮಗ ಒಂದು ಕಡಿಮಿ ಬಿದ್ದಿತ್ತು. ಯಾರದರ ಹೆಸರು ಸಿಕ್ಕರ ಸಾಕು ಅಂತ ಕುಂತಿದ್ವಿ. ನಿಮ್ಮಪ್ಪಾರಿಗೆ ನನ್ನ ಗುರ್ತಿತ್ತು. ತಾವಾ ಬಂದು, ‘ನನ್ನ ಹೆಸರು ಹಾಕ್ಕೊಳ್ರಿ’ ಅಂದ್ರು. ಖರೇ ಹೇಳ್ತೇನಿ, ಅವರ ಹತ್ರ ಏನೂ ಇರಲಿಲ್ಲ.”

ಅಂಜಲಿಗೆ ಕಣ್ಣು ತುಂಬಿ ಬಂತು. ಅಪ್ಪ ನಿರಪರಾಧಿ. ಸುಭಾಷ ಕಾಕಾನದೂ ತಪ್ಪಿಲ್ಲ. ಪರರ ಲೆಕ್ಕ ತುಂಬಿಸಲು ಹೋಗಿ ಆರು ತಿಂಗಳು ಜೈಲು ಕಂಡ ಭೋಳೆ ಮನುಷ್ಯ ಇವನು. ಅವಳು ಅವಸರವಸರವಾಗಿ ಬರೆದುಕೊಂಡಳು.

“ಸಂಜಿ ಐದಕ್ಕ ಬಂದ್ರೇನ್ರಿ?” ಎಂದಳು, ತಲೆ ಎತ್ತದೆ.

“ಇಲ್ಲ ತಂಗಿ. ಏಪ್ರಿಲ್ ಒಂದರ ಮುಂಜಾನೆ ಬಂದ್ರು. ಮೂವತ್ತೊಂದನೇ ತಾರೀಖು ನಾ ಅವರ ಮುಖಾನ ನೋಡಿಲ್ಲ. ‘ನಿನ್ನಿ ತಾರೀಖ ಹಾಕ್ರಿ, ಸಂಜಿ ಐದು ಗಂಟೆ ಅಂತ ಬರೀರಿ’ ಅಂತ ಅವರಾ ಬರೆಸಿದ್ರು. ನಮಗೂ ಅದಾ ಬೇಕಾಗಿತ್ತು.”

ಅಂಜಲಿಯ ಪೆನ್ನು ನಿಂತಿತು. ಪಕ್ಕದಲ್ಲಿ ನೀಲಗಂಗವ್ವ ಅಂಜಲಿಯ ಮೊಣಕಾಲ ಮೇಲಿದ್ದ ತನ್ನ ಕೈಯನ್ನು ನಿಧಾನವಾಗಿ ತೆಗೆದಳು.

“ಹಂಗಾರ ನನ್ನ ಗಂಡ ಗಳಗನಾಥಕ್ಕ ಒಬ್ಬಾಂವ ಹೋಗಿರಲಿಲ್ಲ,” ಎಂದಳು.