ರಿಪೇರಿ ಮುಹೂರ್ತ

ಈಗಿನ ಪಂಚಾಂಗಗಳಲ್ಲಿ ರಾಹುಕಾಲದ ಪಕ್ಕದಲ್ಲೇ ಸರ್ವರ್ ರಿಪೇರಿಯ ಕಾಲವನ್ನೂ ಅಚ್ಚು ಹಾಕುತ್ತಾರೆ. ಊರಿಗೆ ಊರೇ ಹಗಲೂ ರಾತ್ರಿ ಆಡುವ ಫೋನಿನ ಆಟ ನಿಲ್ಲುವುದು ಆಗ ಮಾತ್ರ. ಮದುವೆ, ನಾಮಕರಣ, ತಿಥಿ ಎಲ್ಲವನ್ನೂ ಜನ ಅಷ್ಟರಲ್ಲೇ ಮುಗಿಸಿಕೊಳ್ಳಬೇಕು. ತುಮಕೂರಿನ ಪಂಕಜಮ್ಮ ಮಗಳು ವಿನುತಾಳ ಮದುವೆಗೆ ಕಾದು ಕಾದು ಹಿಡಿದದ್ದೂ ಅಂಥದೊಂದು ಬೆಳಗನ್ನೇ.

ಕಲ್ಯಾಣ ಮಂಟಪದಲ್ಲಿ ಎಲ್ಲರ ಕೈಯಲ್ಲೂ ಅಕ್ಷತೆ ಇತ್ತು. ಎಷ್ಟೋ ದಿನದ ಮೇಲೆ ಜನ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. "ಅಕ್ಕಾ, ನಿನ್ನ ಕೂದ್ಲು ಯಾವಾಗ ಇಷ್ಟೊಂದು ಬೆಳ್ಳಗಾಯ್ತು?" ಎಂದು ಪಂಕಜಮ್ಮನ ತಮ್ಮ ಬೆರಗಾಗಿ ಕೇಳಿದ. ಅವನಿರುವುದು ಎದುರು ಮನೆಯಲ್ಲೇ.

ಗಟ್ಟಿಮೇಳ ಶುರುವಾಯಿತು. ವರ ತಾಳಿಗೆ ಒಂದು ಗಂಟು ಹಾಕಿದ್ದನಷ್ಟೇ, ಹಿಂದಿನ ಸಾಲಿನಲ್ಲಿ ಯಾರದೋ ಫೋನು ಟಣ್ಣೆಂದಿತು. ರಿಪೇರಿ ಬೇಗ ಮುಗಿದುಬಿಟ್ಟಿತ್ತು.

ಅಪಶಕುನದ ಸದ್ದು ಕಿವಿಗೆ ಬೀಳಬಾರದೆಂದೇ ಅಲ್ಲವೇ ಗಟ್ಟಿಮೇಳ ಇರುವುದು? "ಜೋರಾಗಿ ಬಾರಿಸ್ರಪ್ಪಾ! ಇನ್ನೆರಡೇ ಗಂಟು!" ಎಂದು ಪಂಕಜಮ್ಮ ಕೂಗಿದಳು.

ಡೋಲಿನವನು ಕೋಲು ಕೆಳಗಿಟ್ಟು ಜೇಬಿಗೆ ಕೈ ಹಾಕಿದ. ನಾದಸ್ವರವೂ ನಿಂತಿತು. ಸಭೆಯ ತುಂಬ ಫೋನುಗಳಲ್ಲಿ ಆಟದ ಬಹುಮಾನದ ಪೆಟ್ಟಿಗೆಗಳು ಟಣ್ ಟಣ್ ಎಂದು ತೆರೆದುಕೊಂಡವು. ಅಕ್ಷತೆಯೆಲ್ಲ ಕುರ್ಚಿಗಳ ಕೆಳಗೆ ಉದುರಿತು. ವರನ ಕೈ ತಾಳಿಯ ದಾರ ಬಿಟ್ಟು ಶಲ್ಯದೊಳಗೆ ಹೋಯಿತು.

ಪಂಕಜಮ್ಮ ಮಗಳ ಬೆನ್ನ ಹಿಂದೆ ಬಂದು ನಿಂತಳು. ಉಳಿದೆರಡು ಗಂಟುಗಳನ್ನು ತಾನೇ ಬಿಗಿಯತೊಡಗಿದಳು. ಮದುಮಗಳು ತಲೆ ತಗ್ಗಿಸಿಯೇ ಕೂತಿದ್ದಳು, ನಾಚಿಕೆಯಿಂದಲ್ಲ. ಹಿಂದಿರುವವರು ಯಾರೆಂದು ತಿರುಗಿಯೂ ನೋಡದೆ ಗದರಿದಳು:

"ರೀ, ಹಾಗೆ ಎಳೀಬೇಡ್ರೀ, ಪೆಟ್ಟಿಗೆ ತಪ್ಪಿಹೋಗುತ್ತೆ."