ತೇಲುವ ಊರಿನಲ್ಲಿ ಸೈಕಲ್

ಕಡಲು ಏರಿದ ಮೇಲೆ ಮಂಗಳೂರು ಹಲಗೆಗಳ ಮೇಲೆ ತೇಲುವ ಊರಾಗಿತ್ತು. ಊರು ನೋಡಲು ಗದಗಿನಿಂದ ಬಂದ ಕಾಲೇಜು ಹುಡುಗಿ ನೀಲಾಂಬಿಕೆ ಓಲಾಡುವ ಬೀದಿಗಳಲ್ಲಿ ಹಗ್ಗ ಹಿಡಿದು ಅಡ್ಡಾಡಿ, ಬಿಸಿ ಬನ್ಸ್ ತಿಂದು, ಮಧ್ಯಾಹ್ನ ವಸ್ತುಸಂಗ್ರಹಾಲಯಕ್ಕೆ ಬಂದಳು. ಅಲ್ಲಿ ಒಂದು ಹಳೆಯ ಸೈಕಲ್ಲನ್ನು ಹೊರಗೆ ಸಾಗಿಸುತ್ತಿದ್ದರು.

"ಇದು ಕುಲುಮೆಗೆ ಹೋಗ್ತದೆ," ಎಂದರು ಉಸ್ತುವಾರಿ ನೋಡುವ ಐರಿನ್ ಬಾಯಿ. "ಉಪಯೋಗ ಇಲ್ಲದ ಭಾರ ಇಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಕರಗಿಸಿ ಲಂಗರು ಮಾಡ್ತಾರೆ."

"ಅಯ್ಯ, ನಮ್ಮೂರಾಗ ನಾ ದಿನಾ ಸೈಕಲ್ ಹೊಡಿತೀನ್ರಿ!"

"ಎಂತ ಮಾರಾಯ್ತಿ, ನೆಲವೇ ಅಲುಗಾಡುವಾಗ ಎರಡು ಚಕ್ರ ನಿಲ್ಲುವುದುಂಟಾ? ಹತ್ತಿದವರೆಲ್ಲ ಬಿದ್ದಿದ್ದಾರೆ."

"ನನಗೊಂದ್ಸಲ ಕೊಡ್ರಿ."

ಹೊರಗಿನ ಹಲಗೆಯಂಗಳದಲ್ಲಿ ಜನ ಸೇರಿದರು. ನೀಲಾಂಬಿಕೆ ಹತ್ತಿದಳು, ಅಲೆ ಬಂತು, ದಡಕ್ಕನೆ ಬಿದ್ದಳು. ಮೊಣಕಾಲು ತರಚಿತು. ಯಾರೋ ನಕ್ಕರು. ಅವಳು ಎದ್ದು, ಕಣ್ಣು ಮುಚ್ಚಿ, ಕಾಲಡಿಯ ಏರಿಳಿತವನ್ನು ಗಮನಿಸುತ್ತಾ ನಿಂತಳು. ಅಲೆ ಏರುವಾಗ ತುಳಿಯಬೇಕು, ಇಳಿಯುವಾಗ ಮೈ ಸಡಿಲ ಬಿಡಬೇಕು. ಅಷ್ಟು ತಿಳಿದದ್ದೇ ಮತ್ತೆ ಹತ್ತಿದಳು. ಈ ಸಲ ಸೈಕಲ್ಲು ಅಲೆಯ ಜೊತೆಗೇ ಏರಿತು, ಅಲೆಯ ಜೊತೆಗೇ ಇಳಿಯಿತು. ಗಂಟೆ ಬಾರಿಸುತ್ತಾ ಅವಳು ಅಂಗಳವನ್ನು ಪೂರ್ತಿ ಸುತ್ತಿ ಬಂದಾಗ, ಜನರ ಕೇಕೆ ಕೇಳಿ ದೋಣಿಯವರೂ ಹುಟ್ಟು ಬಿಟ್ಟು ಎದ್ದು ನಿಂತರು.

"ಇದು ಇನ್ನು ಎಲ್ಲಿಗೂ ಹೋಗುವುದಿಲ್ಲ!" ಎಂದು ಐರಿನ್ ಬಾಯಿ ಕೂಗಿ ಹೇಳಿದರು. ಆಮೇಲೆ ಸೀರೆ ಎತ್ತಿ ಕಟ್ಟಿ, "ಹಿಂದಿನಿಂದ ಗಟ್ಟಿ ಹಿಡ್ಕೋ, ಬಿಟ್ಟರೆ ನೋಡು!" ಎನ್ನುತ್ತಾ ತಾವೇ ಹತ್ತಿದರು. ಅದನ್ನು ನೋಡಲು ಊರಿಗೆ ಊರೇ ಒಂದು ಬದಿಗೆ ಓಡಿ ಬಂದದ್ದರಿಂದ, ಮಂಗಳೂರು ಆ ಕಡೆಗೆ ಒಂಚೂರು ವಾಲಿತು.